ಗುಡಿಸಿಲೂ ಮುನ್ನೂರು ಪೌಂಡೂ: ಜಾನೆಟ್ ಫ್ರೇಮ್‌ಳ ಆತ್ಮಚರಿತ್ರೆಯಲ್ಲಿ ಆಶ್ರಯದ ಪ್ರಶ್ನೆ

ಕಲೆ ಸಾಹಿತ್ಯಗಳಿಗೆ ದೊರೆತ ಆಶ್ರಯದ ಇತಿಹಾಸವನ್ನು ಬರೆಯಹೊರಟವರ ಕೈಗೆ ಸಿಕ್ಕುವ ಸಾಮಗ್ರಿ ಬಹುಮಟ್ಟಿಗೆ ಕೊಟ್ಟವರ ಕಡೆಯದು. ದಾನಪತ್ರಗಳು, ಸಮಿತಿಗಳ ನಡವಳಿಗಳು, ವಾರ್ಷಿಕ ಲೆಕ್ಕಪತ್ರಗಳು ಇವೆಲ್ಲ ಕೊಟ್ಟ ಕೈಯ ದಾಖಲೆಗಳು. ಪಡೆದ ಕೈಯ ದಾಖಲೆ ವಿರಳ. ಇದ್ದರೂ ಅದು ಅರ್ಪಣೆಯ ಪುಟದಲ್ಲಿಯ ಒಂದೆರಡು ಕೃತಜ್ಞತೆಯ ಮಾತುಗಳಲ್ಲಿ ಮುಗಿದುಹೋಗುತ್ತದೆ. ನ್ಯೂಜೀಲೆಂಡಿನ ಲೇಖಕಿ ಜಾನೆಟ್ ಫ್ರೇಮ್ (೧೯೨೪–೨೦೦೪) ತನ್ನ ಅರುವತ್ತರ ಹೊಸ್ತಿಲಿನಲ್ಲಿ ಪ್ರಕಟಿಸಿದ ಆತ್ಮಚರಿತ್ರೆಯ ಮೂರು ಸಂಪುಟಗಳು, ಎಂದರೆ ‘ಟು ದಿ ಇಸ್-ಲ್ಯಾಂಡ್’ (೧೯೮೨), ‘ಆ್ಯನ್ ಏಂಜಲ್ ಅಟ್ ಮೈ ಟೇಬಲ್’ (೧೯೮೪), ‘ದಿ ಎನ್ವಾಯ್ ಫ್ರಮ್ ಮಿರರ್ ಸಿಟಿ’ (೧೯೮೫), ಈ ಕೊರತೆಯನ್ನು ಒಂದಿಷ್ಟು ತುಂಬುತ್ತವೆ. ಜೇನ್ ಕ್ಯಾಂಪಿಯನ್ ೧೯೯೦ ರಲ್ಲಿ ತೆಗೆದ ಚಲನಚಿತ್ರದಿಂದ ಈ ಜೀವನದ ಹೊರರೇಖೆ ಅನೇಕರಿಗೆ ಪರಿಚಿತವಾಗಿದೆ. ವಿಮರ್ಶಕರು ಇದನ್ನು ಹುಚ್ಚಿನ ಆರೋಪದಿಂದ ಪಾರಾಗಿ ಬಂದವಳ ಕಥೆಯೆಂದು ಓದಿದ್ದಾರೆ; ಹಾಗೆ ಓದುವುದು ತಪ್ಪಲ್ಲ. ಆದರೆ ಇದನ್ನೇ ಸಹಾಯದ ಚರಿತ್ರೆಯೆಂದೂ ಓದಬಹುದು, ಓದಬೇಕು, ಎಂಬುದು ನಮ್ಮ ವಾದ. ಯಾರು ಯಾರು ಈಕೆಗೆ ನೆರವಾದರು, ಯಾವ ಹೆಸರಿನಲ್ಲಿ ನೆರವಾದರು, ಪ್ರತಿಯಾಗಿ ಏನನ್ನು ಕೇಳಿದರು ಎಂಬ ವಿವರಗಳನ್ನು ಈ ಗ್ರಂಥವು ಅಚ್ಚರಿಯಾಗುವಷ್ಟು ಎಚ್ಚರದಿಂದ ಇಟ್ಟುಕೊಂಡಿದೆ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇವೆ. ಫ್ರೇಮ್ ಹುಟ್ಟಿದ್ದು ಡನೀಡಿನ್ ನಗರದಲ್ಲಿ. ಬೆಳೆದದ್ದು ಬಹುಪಾಲು ಓಮರು ಎಂಬ ಸಣ್ಣ ಊರಿನಲ್ಲಿ. ತಂದೆ ರೈಲ್ವೆ ನೌಕರ. ಒಬ್ಬನೇ ಸೋದರನಿಗೆ ಅಪಸ್ಮಾರ. ಇಬ್ಬರು ಸೋದರಿಯರು, ಹತ್ತು ವರ್ಷಗಳ ಅಂತರದಲ್ಲಿ, ೧೯೩೭ ರಲ್ಲಿ ಒಬ್ಬಳು, ೧೯೪೭ ರಲ್ಲಿ ಇನ್ನೊಬ್ಬಳು, ನೀರಿನಲ್ಲಿ ಮುಳುಗಿ ಸತ್ತರು. ಮನೆಯಲ್ಲಿ ಹಣವಿರಲಿಲ್ಲ, ಕವಿತೆಯ ಹುಚ್ಚು ಧಾರಾಳವಾಗಿತ್ತು. ಉಪಾಧ್ಯಾಯಿನಿಯಾಗಲೆಂದು ಆಕೆ ಡನೀಡಿನ್ನಿಗೆ ತರಬೇತಿಗೆ ಬಂದಳು. ಜೊತೆಗೆ ಒಟಾಗೊ ವಿಶ್ವವಿದ್ಯಾನಿಲಯದ ತರಗತಿಗಳಲ್ಲಿಯೂ ಕುಳಿತಳು.

೧೯೪೫ ರಲ್ಲಿ ನಡೆದ ಎರಡು ಸಂಗತಿಗಳನ್ನು ನಾವು ಇಲ್ಲಿ ಒತ್ತಿ ಹೇಳಬೇಕಾಗಿದೆ. ಮೊದಲನೆಯದು, ಶಾಲೆಯಲ್ಲಿ ಪರೀಕ್ಷಾರ್ಥ ಉಪಾಧ್ಯಾಯಿನಿಯಾಗಿದ್ದ ಈಕೆಯ ಪಾಠವನ್ನು ನೋಡಲು ಇನ್‌ಸ್ಪೆಕ್ಟರು ತರಗತಿಗೆ ಬಂದಾಗ, ಆಕೆ ಅನುಮತಿ ಬೇಡಿ ಹೊರಗೆ ನಡೆದವಳು ಮತ್ತೆ ಆ ವೃತ್ತಿಗೆ ಹಿಂದಿರುಗಲಿಲ್ಲ. ಎರಡನೆಯದು, ಮನಶ್ಶಾಸ್ತ್ರದ ತರಗತಿಗೆಂದು ಆಕೆ ಒಂದು ಆತ್ಮವೃತ್ತಾಂತವನ್ನು ಬರೆದುಕೊಟ್ಟಳು. ಅದು ಪಾಠದ ಭಾಗವಾಗಿ ಎಲ್ಲರೂ ಬರೆಯಬೇಕಾಗಿದ್ದ ಪ್ರಬಂಧ. ತಾನು ಒಮ್ಮೆ ಆ್ಯಸ್ಪಿರಿನ್ ಮಾತ್ರೆಗಳನ್ನು ರಾಶಿಯಾಗಿ ನುಂಗಿದ್ದುದನ್ನು ಆಕೆ ಅದರಲ್ಲಿ ಪ್ರಸ್ತಾಪಿಸಿದ್ದಳು. ಬರೆದದ್ದನ್ನು ಓದಿದ ಅಧ್ಯಾಪಕರು ಕೆಲವು ದಿನಗಳಲ್ಲಿ ಆಕೆಯ ಬಾಗಿಲಿಗೆ ಬಂದು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಂದ ಸೀಕ್ಲಿಫ್ ಮಾನಸಿಕ ಚಿಕಿತ್ಸಾಲಯ. ಅಲ್ಲಿ ಸ್ಕಿಜೊಫ್ರೇನಿಯ ಎಂಬ ಹೆಸರು ಅಂಟಿಕೊಂಡಿತು. ಮುಂದಿನ ಹತ್ತು ವರ್ಷಗಳಲ್ಲಿ ಹೆಚ್ಚು ಭಾಗ ಒಂದಲ್ಲ ಒಂದು ಆಸ್ಪತ್ರೆಯಲ್ಲಿ ಕಳೆಯಿತು. ತಾನೇ ಹೇಳುವಂತೆ, ಇನ್ನೂರಕ್ಕೆ ಮೇಲ್ಪಟ್ಟು ವಿದ್ಯುದಾಘಾತಗಳನ್ನು ಆಕೆಗೆ ಕೊಡಲಾಯಿತು.

ಆದುದರಿಂದ ಫ್ರೇಮ್ ಬರೆದ ಮೊತ್ತಮೊದಲ ಆತ್ಮಚರಿತ್ರೆ ಮಾರ್ಗದರ್ಶಕರೆನಿಸಿಕೊಂಡವರ ಕೋರಿಕೆಯ ಮೇಲೆ ಬರೆದದ್ದು, ಅದನ್ನು ಅವರು ಓದಿದ ಫಲವಾಗಿಯೇ ಆಕೆ ಬಂಧನಕ್ಕೊಳಗಾದಳು. ಈ ಅಂಶವನ್ನು ಮರೆತರೆ ಮುಂದಿನ ಯಾವುದೂ ಅರ್ಥವಾಗುವುದಿಲ್ಲ.

ಆ ಅಧ್ಯಾಪಕರಲ್ಲಿ ಒಬ್ಬನು ಜಾನ್ ಮನಿ. ಮುಂದೆ ಅಮೆರಿಕೆಯಲ್ಲಿ ಮನಶ್ಶಾಸ್ತ್ರಜ್ಞನಾಗಿ ಹೆಸರಾದವನು. ಆತ್ಮಚರಿತ್ರೆಯಲ್ಲಿ ಆತನಿಗೆ ಜಾನ್ ಫಾರೆಸ್ಟ್ ಎಂಬ ಬೇರೆ ಹೆಸರಿದೆ. ಈತನು ಕೆಟ್ಟವನಲ್ಲ. ಆಕೆಯ ಕತೆಗಳನ್ನು ಒಟ್ಟುಗೂಡಿಸಿ ಕ್ಯಾಕ್ಸ್‌ಟನ್ ಪ್ರೆಸ್ಸಿನವರಿಗೆ ತಲಪಿಸಿದವನು ಈತನೇ. ಅವು ‘ದಿ ಲಗೂನ್’ ಎಂಬ ಸಂಗ್ರಹವಾಗಿ ೧೯೫೧ ರ ಮುದ್ರಣವರ್ಷವನ್ನು ಹೊತ್ತು ೧೯೫೨ ರಲ್ಲಿ ಹೊರಬಿದ್ದುವು. ಆದರೆ ಆತನ ಮುಂದೆ ಕುಳಿತು ಮಾತನಾಡುವಾಗ ಆಕೆಗೆ ಒಂದು ವಿಷಯ ಸ್ಪಷ್ಟವಾಯಿತು: ಆತನಿಗೆ ಆಸಕ್ತಿಯಿದ್ದದ್ದು ಆಕೆಯ ರೋಗದಲ್ಲಿ. ವ್ಯಾನ್ ಗೋ, ಹ್ಯೂಗೋ ವುಲ್ಫ್ ಮೊದಲಾದವರೊಡನೆ ಆಕೆಯನ್ನು ಆತ ಹೋಲಿಸಿದ್ದುಂಟು. ಇಪ್ಪತ್ತು ದಾಟಿದ ಹುಡುಗಿಗೆ ಇದಕ್ಕಿಂತ ಅಪಾಯಕರವಾದ ಪ್ರಶಂಸೆ ಇನ್ನೊಂದಿಲ್ಲ. ಮೆಚ್ಚುಗೆಯನ್ನು ಉಳಿಸಿಕೊಳ್ಳಲು ಆಕೆ ರೋಗದ ಲಕ್ಷಣಗಳನ್ನು ಪುಸ್ತಕಗಳಿಂದ ಓದಿ ಕಲಿತು ಒಪ್ಪಿಸುತ್ತಿದ್ದಳೆಂದು ಎರಡನೆಯ ಸಂಪುಟದಲ್ಲಿ ತಾನೇ ಬರೆದುಕೊಂಡಿದ್ದಾಳೆ. ಮಾರ್ಗದರ್ಶನವು ಯಾವುದನ್ನು ಬಯಸುತ್ತದೆಯೋ ಅದನ್ನೇ ಶಿಷ್ಯೆ ಉತ್ಪಾದಿಸಿಕೊಡುತ್ತಾಳೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಂಡಿಲ್ಲ.

‘ದಿ ಲಗೂನ್’ ಸಂಗ್ರಹಕ್ಕೆ ಹ್ಯೂಬರ್ಟ್ ಚರ್ಚ್ ಸ್ಮಾರಕ ಬಹುಮಾನ ಬಂದದ್ದೂ, ಆ ಸುದ್ದಿಯನ್ನು ಓದಿದ ಸೀಕ್ಲಿಫ್‌ನ ಮುಖ್ಯ ವೈದ್ಯಾಧಿಕಾರಿ ಮಿದುಳಿನ ಶಸ್ತ್ರಕ್ರಿಯೆಯನ್ನು ರದ್ದುಮಾಡಿದ್ದೂ ಈಗ ಎಲ್ಲರೂ ಹೇಳುವ ಕಥೆ. ತಾಯಿ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿಯಾಗಿತ್ತು. ಸಾಹಿತ್ಯ ಬಹುಮಾನವೊಂದು ಅಕ್ಷರಶಃ ತಲೆ ಉಳಿಸಿದ ಈ ಪ್ರಸಂಗವನ್ನು ಪ್ರೋತ್ಸಾಹಧನದ ಪರವಾಗಿ ವಾದಿಸುವವರು ಎತ್ತಿ ತೋರಿಸುವುದು ಸಹಜ. ನಮಗೆ ಅದು ಅಷ್ಟು ಹಿತವಾದ ಕಥೆಯೆನಿಸುವುದಿಲ್ಲ. ಬಹುಮಾನ ಬಾರದ ರೋಗಿಗಳು ಅದೇ ಮೊಗಸಾಲೆಯಲ್ಲಿದ್ದರು. ಅವರಲ್ಲಿ ಕೆಲವರಿಗೆ ಶಸ್ತ್ರಕ್ರಿಯೆ ನಡೆಯಿತು. ಫ್ರೇಮ್ ಅವರನ್ನು ಮರೆಯುವುದಿಲ್ಲ.

ಇನ್ನು ಗುಡಿಸಿಲಿನ ವಿಷಯ. ೧೯೫೫ ರಲ್ಲಿ ಆಸ್ಪತ್ರೆಯಿಂದ ಬಿಡುಗಡೆ ಹೊಂದಿದ ಫ್ರೇಮ್ ಆಕ್ಲೆಂಡಿನಲ್ಲಿದ್ದ ತಂಗಿಯ ಮನೆಗೆ ಹೋದಳು. ಹತ್ತಿರದ ಟಾಕಪುನ ಎಂಬಲ್ಲಿ, ಎಸ್ಮಂಡ್ ರಸ್ತೆಯ ೧೪ ನೆಯ ಸಂಖ್ಯೆಯ ಮನೆಯಲ್ಲಿ, ಫ್ರ್ಯಾಂಕ್ ಸಾರ್ಜಸನ್ ವಾಸವಾಗಿದ್ದನು. ೧೯೦೩ ರಲ್ಲಿ ಹುಟ್ಟಿದ ಈತನು ನ್ಯೂಜೀಲೆಂಡಿನ ಸಣ್ಣಕತೆಗೆ ಆಡುಮಾತಿನ ಜೀವ ತಂದವನೆಂದು ಆ ವೇಳೆಗಾಗಲೇ ಮಾನ್ಯನಾಗಿದ್ದನು. ಮಾನ್ಯತೆಯಿಂದ ಹೊಟ್ಟೆ ತುಂಬುತ್ತಿರಲಿಲ್ಲವಾದ್ದರಿಂದ ಹಿತ್ತಿಲಿನಲ್ಲಿ ತರಕಾರಿ ಬೆಳೆದುಕೊಂಡು ಬಲು ಮಿತವ್ಯಯದಿಂದ ಬದುಕುತ್ತಿದ್ದನು. ‘ದಿ ಲಗೂನ್’ ಓದಿ ಮೆಚ್ಚಿದ್ದ ಆತ, ತನ್ನ ತೋಟದಲ್ಲಿದ್ದ ಹಳೆಯ ಸೈನ್ಯದ ಮರದ ಗುಡಿಸಿಲಿನಲ್ಲಿದ್ದು ಬರೆಯಬಹುದೆಂದು ಆಕೆಯನ್ನು ಆಹ್ವಾನಿಸಿದನು. ಒಂದು ಹಾಸಿಗೆ, ಒಂದು ಮೇಜು, ಒಂದು ದೀಪ. ಆಕೆ ಅಲ್ಲಿ ೧೯೫೬ ರ ಜುಲೈವರೆಗೆ, ಸುಮಾರು ಹದಿನೈದು ತಿಂಗಳು, ಇದ್ದಳು. ‘ಔಲ್ಸ್ ಡು ಕ್ರೈ’ ಎಂಬ ಮೊದಲ ಕಾದಂಬರಿ ಅಲ್ಲಿ ಬರೆದದ್ದು.

ಈ ಅಧ್ಯಾಯಗಳು ಮೂರು ಸಂಪುಟಗಳಲ್ಲಿಯೇ ಶ್ರೇಷ್ಠವಾದುವು. ಇಲ್ಲಿ ನಮ್ಮ ಗಮನವನ್ನು ಸೆಳೆಯುವುದು ಸಾರ್ಜಸನ್ ಏನನ್ನು ಕಲಿಸಿದನೆಂಬುದಲ್ಲ. ಆತ ಟಾಲ್‌ಸ್ಟಾಯ್‌ನನ್ನೂ ಪ್ರೂಸ್ತ್‌ನನ್ನೂ ಓದಿಸಿದನು, ಗೆಳೆಯರನ್ನು ಪರಿಚಯಿಸಿದನು, ರೇಷ್ಮೆ ಹುಳುಗಳನ್ನು ತಂದು ಅವುಗಳ ಹುಟ್ಟುಸಾವುಗಳನ್ನು ನೋಡುವಂತೆ ಮಾಡಿದನು. ಇವೆಲ್ಲ ಸರಿಯೆ. ಮುಖ್ಯವಾದುದು ದಿನಚರಿ. ಬೆಳಗಿನ ಹೊತ್ತು ಬರವಣಿಗೆಗೆ ಮೀಸಲು. ಆ ಹೊತ್ತಿನಲ್ಲಿ ಯಾರೂ ಯಾರನ್ನೂ ಮಾತನಾಡಿಸಕೂಡದು. ಹನ್ನೊಂದು ಗಂಟೆಗೆ ಆತ ಚಹವನ್ನೂ ಜೇನು ಸವರಿದ ತಿಂಡಿಯನ್ನೂ ಹಿಡಿದು ಬಾಗಿಲು ತಟ್ಟುವನು. ಒಳಗೆ ಬಂದವನು ಬೆರಳಚ್ಚು ಯಂತ್ರದಲ್ಲಿದ್ದ ಹಾಳೆಯ ಕಡೆಗೆ ನೋಡದಂತೆ ಮುಖ ತಿರುಗಿಸಿಕೊಂಡು ತಟ್ಟೆಯನ್ನಿಟ್ಟು ಹೊರಟುಹೋಗುವನು. ಫ್ರೇಮ್ ಈ ಮುಖ ತಿರುಗಿಸುವಿಕೆಯನ್ನು ಗಮನಿಸಿ, ಇಪ್ಪತ್ತೆಂಟು ವರ್ಷಗಳ ಮೇಲೂ ನೆನಪಿಟ್ಟು ಬರೆದಿದ್ದಾಳೆ. ಹತ್ತು ವರ್ಷ ಇತರರು ತನ್ನನ್ನು ಎವೆಯಿಕ್ಕದೆ ನೋಡಿದ್ದ ಕಣ್ಣುಗಳ ಕೆಳಗೆ ಬದುಕಿದವಳಿಗೆ, ನೋಡದಿರುವ ಕಣ್ಣು ಎಷ್ಟು ದೊಡ್ಡ ಉಪಕಾರವಾಗಿರಬೇಕು!

ಆದರೂ ಭಯವು ಅಷ್ಟು ಬೇಗ ಬಿಡುವಂಥದಲ್ಲ. ಮೊದಲ ದಿನಗಳಲ್ಲಿ ಆತನ ಹೆಜ್ಜೆಯ ಸಪ್ಪಳ ಕೇಳಿಸಿದೊಡನೆ ಆಕೆ, ಬೆರಳಚ್ಚು ಕಲಿಯುವವರು ಅಭ್ಯಾಸಕ್ಕಾಗಿ ಹೊಡೆಯುವ ನರಿ ನಾಯಿಗಳ ಆ ಹಳೆಯ ಇಂಗ್ಲಿಷ್ ವಾಕ್ಯವನ್ನು ಬಡಬಡನೆ ಹೊಡೆಯಲಾರಂಭಿಸುತ್ತಿದ್ದಳಂತೆ. ಕೆಲಸ ಸಾಗುತ್ತಿದೆಯೆಂದು ತೋರಬೇಕಷ್ಟೆ. ಇದನ್ನು ಓದಿ ನಗು ಬರುತ್ತದೆ. ಆದರೆ ೧೯೪೫ ರ ಇನ್‌ಸ್ಪೆಕ್ಟರನನ್ನು ನೆನೆದುಕೊಂಡು ಓದಿದರೆ ನಗು ನಿಲ್ಲುತ್ತದೆ. ಅಂದು ತರಗತಿಯಿಂದ ಓಡಿಹೋದ ಹುಡುಗಿಯೇ ಇಲ್ಲಿ ಓಡದೆ ಕುಳಿತಿದ್ದಾಳೆ. ತನಿಖೆ ನಡೆಯುತ್ತದೆಂದು ಇನ್ನೂ ನಂಬಿದ್ದಾಳೆ. ತನಿಖೆಯಾದರೋ ಎಂದೂ ನಡೆಯುವುದಿಲ್ಲ. ಈ ನಡುವೆ ಆಕೆ ತನಗೆ ತಾನೇ ತನಿಖೆಯ ಏರ್ಪಾಡು ಮಾಡಿಕೊಂಡಳು. ಶಾಲೆಯ ಮಕ್ಕಳ ಬರೆಯುವ ಪುಸ್ತಕವೊಂದನ್ನು ಕೊಂಡು, ಅದರಲ್ಲಿ ಗೆರೆ ಹಾಕಿ, ವೇಳಾಪಟ್ಟಿ, ಕೆಲಸದ ಪ್ರಗತಿ, ವ್ಯರ್ಥವಾದ ದಿನಗಳು ಎಂದು ಅಂಕಣಗಳನ್ನು ಮಾಡಿದಳು. ಪರರ ಲೆಕ್ಕದಿಂದ ತನ್ನ ಲೆಕ್ಕಕ್ಕೆ ಬಂದದ್ದೇ ಆ ಗುಡಿಸಿಲಿನ ನಿಜವಾದ ಘಟನೆಯೆಂದು ನಾವು ಎಣಿಸುತ್ತೇವೆ.

ಸಾರ್ಜಸನ್ ಎಲ್ಲ ವಿಧದಲ್ಲಿಯೂ ಆದರ್ಶ ಗುರುವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಒಮ್ಮೆ ಆಕೆ ‘ಆ್ಯನ್ ಇಲೆಕ್ಟ್ರಿಕ್ ಬ್ಲ್ಯಾಂಕೆಟ್’ ಎಂಬ ಕತೆಯನ್ನು ಆತನಿಗೆ ತೋರಿಸಿದಳು. ಆತನ ಮೆಚ್ಚುಗೆ ಅರೆಮನಸ್ಸಿನದಾಗಿತ್ತು. ಮುಂದೆ ತನ್ನ ಕತೆಗಳನ್ನು ಆತನಿಗೆ ತೋರಿಸಬಾರದೆಂದು ಆಕೆ ನಿಶ್ಚಯಿಸಿಕೊಂಡಳು. ಸ್ತ್ರೀಯರ ವಿಷಯದಲ್ಲಿ ಆತನಿಗಿದ್ದ ತಾತ್ಸಾರ ಆಕೆಯನ್ನು ನೋಯಿಸಿತೆಂಬುದೂ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಬಂದಿದೆ. ಇತಿಹಾಸಕಾರ ಮೈಕೆಲ್ ಕಿಂಗ್ ಇಬ್ಬರ ಜೀವನಚರಿತ್ರೆಗಳನ್ನೂ ಬರೆದಿದ್ದಾನೆ, ಸಾರ್ಜಸನ್‌ನದು ೧೯೯೫ ರಲ್ಲಿ, ಫ್ರೇಮ್‌ಳದು ೨೦೦೦ ದಲ್ಲಿ. ಅವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಆತ್ಮಚರಿತ್ರೆಯು ಈ ಸಹವಾಸದ ಒರಟು ಅಂಚುಗಳನ್ನು ಸ್ವಲ್ಪ ನಯಗೊಳಿಸಿದೆಯೆಂದು ತೋರುತ್ತದೆ. ಅದೇನೇ ಇರಲಿ, ಗುರುವು ಅಭಿಪ್ರಾಯ ಹೇಳಿದ ಕಡೆ ಶಿಷ್ಯೆ ಹಿಂಜರಿದಳು, ಅಭಿಪ್ರಾಯ ಹೇಳದೆ ಚಹ ತಂದಿಟ್ಟ ಕಡೆ ಕಾದಂಬರಿ ಬೆಳೆಯಿತು. ಸಾಹಿತ್ಯಶಿಕ್ಷಣದ ಬಗ್ಗೆ ನಮಗಿರುವ ಅಭಿಮಾನಕ್ಕೆ ಇದು ಅಷ್ಟು ಅನುಕೂಲವಾದ ಸಾಕ್ಷ್ಯವಲ್ಲ.

‘ಔಲ್ಸ್ ಡು ಕ್ರೈ’ ಆತ್ಮಚರಿತ್ರೆಯೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಓಮರು ಅಲ್ಲಿ ವೈಮರು ಆಗಿದೆ, ಅಪಸ್ಮಾರದ ಸೋದರನಿದ್ದಾನೆ, ಅಕಾಲದಲ್ಲಿ ಸತ್ತ ಅಕ್ಕನಿದ್ದಾಳೆ, ಆದರೆ ನೀರಿನಲ್ಲಲ್ಲ, ಊರಿನ ಕಸದ ತಿಪ್ಪೆಯ ಬೆಂಕಿಯಲ್ಲಿ. ಡ್ಯಾಫ್ನಿ ಎಂಬವಳಿಗೆ ಮಿದುಳಿನ ಶಸ್ತ್ರಕ್ರಿಯೆ ನಡೆದೇ ಹೋಗುತ್ತದೆ. ಓದಿದವರು ಡ್ಯಾಫ್ನಿಯೇ ಫ್ರೇಮ್ ಎಂದುಕೊಂಡರು. ಹಾಗಲ್ಲವೆಂದು ಲೇಖಕಿ ಆತ್ಮಚರಿತ್ರೆಯಲ್ಲಿ ಸ್ಪಷ್ಟಪಡಿಸಿದ್ದಾಳೆ. ನಮ್ಮ ಅಭಿಪ್ರಾಯದಲ್ಲಿ ಈ ಕಾದಂಬರಿ ನಡೆದದ್ದನ್ನು ಹೇಳುವುದಿಲ್ಲ, ಕೂದಲೆಳೆಯಲ್ಲಿ ತಪ್ಪಿದ್ದನ್ನು ಹೇಳುತ್ತದೆ. ಬದುಕಿನ ಸಾಮಗ್ರಿಯನ್ನು ಇಷ್ಟು ಸ್ವತಂತ್ರವಾಗಿ ಬಳಸುವ ಧೈರ್ಯ, ೧೯೪೫ ರಲ್ಲಿ ತನ್ನ ವೃತ್ತಾಂತವನ್ನು ಬರೆದು ಒಪ್ಪಿಸಿ ಸಿಕ್ಕಿಬಿದ್ದವಳಿಗೆ, ಯಾರಿಗೂ ಒಪ್ಪಿಸಬೇಕಾಗಿಲ್ಲದ ಸ್ಥಳದಲ್ಲಿ ಮಾತ್ರ ಬರಬಹುದಾಗಿತ್ತು. ಹಸ್ತಪ್ರತಿ ಮುಗಿದಾಗ ಸಾರ್ಜಸನ್ ಸೂಚನೆಯಂತೆ ಅದು ಕ್ರೈಸ್ಟ್‌ಚರ್ಚಿನ ಪೆಗಸಸ್ ಪ್ರೆಸ್ಸಿಗೆ ಹೋಯಿತು. ೧೯೫೭ ರಲ್ಲಿ ಪ್ರಕಟವಾಯಿತು.

ಹಣದ ವಿಷಯವನ್ನು ಈಗ ನೋಡೋಣ. ಗುಡಿಸಿಲಿನಲ್ಲಿದ್ದಾಗ ಫ್ರೇಮ್‌ಳ ಹೊಟ್ಟೆ ಹೊರೆದದ್ದು ಸರಕಾರದ ಅನಾರೋಗ್ಯ ಭತ್ಯ. ಸಾರ್ಜಸನ್ ತನಗೆ ತಿಳಿದ ವೈದ್ಯನೊಬ್ಬನ ಮೂಲಕ ಇದನ್ನು ಏರ್ಪಡಿಸಿದನು. ಬರೆಯುವವಳಿಗೆ ಕೊಡಲು ರಾಜ್ಯದ ಪಟ್ಟಿಯಲ್ಲಿ ವಾರವಾರದ ಅಂಕಣವಿರಲಿಲ್ಲ, ರೋಗಿಗೆ ಕೊಡಲು ಇತ್ತು. ಆದುದರಿಂದ ಕಾದಂಬರಿಯನ್ನು ಬರೆಯಲು ಆಕೆ ರೋಗಿಯಾಗಿ ಉಳಿಯಬೇಕಾಯಿತು. ಸಾಹಿತ್ಯದ ಹೆಸರಿನಲ್ಲಿಯೇ ಹಣ ಬಂದದ್ದು ಅನಂತರ. ನ್ಯೂಜೀಲೆಂಡ್ ಸರಕಾರವು ೧೯೪೬ ರಲ್ಲಿ ಸಾಹಿತ್ಯ ನಿಧಿಯೊಂದನ್ನು ಸ್ಥಾಪಿಸಿತ್ತು. ಸಾರ್ಜಸನ್ ಒತ್ತಾಯದ ಮೇಲೆ ಆಕೆ ಅರ್ಜಿ ಹಾಕಿದಳು. ೧೯೫೬ ರಲ್ಲಿ ೩೦೦ ಪೌಂಡು ಮಂಜೂರಾಯಿತು. ಉದ್ದೇಶ: ಹೊರದೇಶಗಳಲ್ಲಿ ಸಂಚರಿಸಿ ಅನುಭವವನ್ನು ವಿಸ್ತರಿಸಿಕೊಳ್ಳುವುದು.

ಅನುಭವ! ಮೂವತ್ತೆರಡು ವರ್ಷ ತುಂಬುವುದರೊಳಗೆ ಇಬ್ಬರು ಸೋದರಿಯರನ್ನು ನೀರಿಗೆ ಕೊಟ್ಟು, ಆಸ್ಪತ್ರೆಗಳಲ್ಲಿ ಅಷ್ಟು ವರ್ಷ ಕಳೆದವಳಿಗೆ ಅನುಭವದ ಕೊರತೆಯಿದೆಯೆಂದು ಒಂದು ಸಮಿತಿ ತೀರ್ಮಾನಿಸಿತು. ಆದರೆ ಸಮಿತಿಯನ್ನು ಹಾಸ್ಯಮಾಡಿ ಬಿಟ್ಟುಬಿಡುವುದು ನ್ಯಾಯವಲ್ಲ. ಅಂದಿನ ನ್ಯೂಜೀಲೆಂಡಿನಲ್ಲಿ ಲೇಖಕನೆಂದರೆ ಇಂಗ್ಲೆಂಡಿಗೆ ಹೋಗಿ ಬರಬೇಕಾದವನೆಂಬ ಭಾವನೆ ಬೇರೂರಿತ್ತು. ನಿಧಿಯ ಭಾಷೆ ಆ ಕಾಲದ ಭಾಷೆ. ಮೇಲಾಗಿ, ಕೊಟ್ಟ ಹಣ ಹೇಗೆ ವೆಚ್ಚವಾಯಿತೆಂಬುದು ಹೆಚ್ಚು ಕುತೂಹಲಕರ. ಫ್ರೇಮ್ ರುವಹೀನಿ ಎಂಬ ಹಡಗಿನಲ್ಲಿ ಹೊರಟು ಲಂಡನ್ ತಲಪಿದಳು. ಉಳಿದ ಹಣವನ್ನು ಹಿಗ್ಗಿಸುವ ಸಲುವಾಗಿ ಜೀವನ ಅಗ್ಗವಾಗಿದ್ದ ಈವೀಸ ದ್ವೀಪಕ್ಕೆ ಹೋದಳು, ಅಲ್ಲಿಂದ ಆಂಡೊರಕ್ಕೆ. ಅಲ್ಲಿಯ ಪ್ರೇಮ, ಗರ್ಭಪಾತ, ಒಂಟಿತನಗಳ ಕಥೆ ಮೂರನೆಯ ಸಂಪುಟದಲ್ಲಿದೆ. ಈ ಭಾಗದ ಬರವಣಿಗೆ ಸಡಿಲವಾಗಿದೆ. ಪ್ರವಾಸಕಥನದ ವರ್ಣನೆಗಳು ಕೆಲವೆಡೆ ಲೇಖಕಿಯನ್ನೇ ಮರೆಮಾಡುತ್ತವೆ. ಬಹುಶಃ ಅನುಭವವನ್ನು ವಿಸ್ತರಿಸಿಕೊಳ್ಳಬೇಕೆಂಬ ಆಜ್ಞೆಯ ಮೇರೆಗೆ ಪಡೆದ ಅನುಭವದ ಗುಣವೇ ಅಷ್ಟೆಂದು ತೋರುತ್ತದೆ.

ಆ ೩೦೦ ಪೌಂಡಿನ ಫಲ ಬೇರೆ ಕಡೆ ದೊರೆಯಿತು. ಲಂಡನ್ನಿಗೆ ಹಿಂದಿರುಗಿದ ಫ್ರೇಮ್ ಮಾಡ್ಸ್‌ಲಿ ಆಸ್ಪತ್ರೆಯನ್ನು ಸೇರಿದಳು. ಅಲ್ಲಿಯ ವೈದ್ಯರು ದೀರ್ಘಕಾಲ ಪರಿಶೀಲಿಸಿ ಆಕೆಗೆ ಸ್ಕಿಜೊಫ್ರೇನಿಯ ಎಂದೂ ಇರಲಿಲ್ಲವೆಂದು ತೀರ್ಮಾನಿಸಿದರು. ಆಕೆಯ ಪ್ರತಿಕ್ರಿಯೆಯನ್ನು ಗಮನಿಸಬೇಕು: ಮೊದಲು ಉಂಟಾದದ್ದು ಸಂತೋಷವಲ್ಲ, ಹೊದ್ದಿದ್ದ ಹೊದಿಕೆಯನ್ನು ಕಿತ್ತುಕೊಂಡಂಥ ನಷ್ಟಭಾವ. ರೋಗದ ಹೆಸರೇ ಅನೇಕ ವರ್ಷ ಆಕೆಯ ಗುರುತೂ ಆಶ್ರಯವೂ ಆಗಿತ್ತಲ್ಲವೆ? ಆರ್. ಎಚ್. ಕಾಲಿ ಎಂಬ ವೈದ್ಯನು ಆಕೆಗೆ ಕೊಟ್ಟ ಸಲಹೆ ಸರಳ: ಜನರೊಡನೆ ಬೆರೆಯಬೇಕೆಂದು ಇತರರು ಹೇಳುವುದನ್ನು ಕೇಳಬೇಕಾಗಿಲ್ಲ, ಒಂಟಿಯಾಗಿರುವುದು ಹಿತವಾದರೆ ಒಂಟಿಯಾಗಿದ್ದು ಬರೆಯಬಹುದು, ಆಸ್ಪತ್ರೆಯಲ್ಲಿ ಕಂಡದ್ದನ್ನು ಬರೆದರೆ ಒಳ್ಳೆಯದು. ಅದಕ್ಕೆ ಬೇಕಾದ ಜೀವನೋಪಾಯ ಬ್ರಿಟನ್ನಿನ ರಾಷ್ಟ್ರೀಯ ಸಹಾಯದ ಹಣದಿಂದ ಬಂದಿತು. ಮತ್ತೆ ವೈದ್ಯನ ಮಾತಿನ ಬಲದಿಂದ. ‘ಫೇಸಸ್ ಇನ್ ದಿ ವಾಟರ್’ (೧೯೬೧) ಹೀಗೆ ಹುಟ್ಟಿತು, ಅದು ಆರ್. ಎಚ್. ಸಿ. ಎಂಬ ಅಕ್ಷರಗಳಿಗೆ ಅರ್ಪಿತವಾಗಿದೆ. ದಾಖಲೆಯ ರೂಪದಲ್ಲಿದ್ದರೂ ಇದು ಕಲ್ಪನೆಯೆಂಬ ಎಚ್ಚರಿಕೆ ಅದರ ಮೊದಲಲ್ಲಿಯೇ ಇದೆ. ಮನಿ ಕೇಳಿದಾಗ ಆಕೆ ಇಲ್ಲದ ರೋಗವನ್ನು ನಿಜವೆಂದು ಒಪ್ಪಿಸಿದ್ದಳು. ಕಾಲಿ ಕೇಳಿದಾಗ ಇದ್ದ ನೋವನ್ನು ಕಲ್ಪನೆಯೆಂದು ಮುದ್ರಿಸಿದಳು. ಇಬ್ಬರೂ ಮನಸ್ಸಿನ ವೈದ್ಯವಿದ್ಯೆಗೆ ಸೇರಿದವರೆ. ಒಬ್ಬನು ಬರೆಹವನ್ನು ರೋಗಕ್ಕೆ ಪುರಾವೆಯಾಗಿ ಓದಿದನು, ಇನ್ನೊಬ್ಬನು ಅದನ್ನು ಆಕೆಯ ಕಸುಬೆಂದು ಕಂಡನು.

ಸಾಹಿತ್ಯ ನಿಧಿಯ ಯಾವ ವಾರ್ಷಿಕ ವರದಿಯೂ ೩೦೦ ಪೌಂಡಿನ ಎದುರಿಗೆ ‘ರೋಗನಿರ್ಣಯದ ರದ್ದತಿ’ ಎಂದು ಬರೆದುಕೊಳ್ಳಲಾರದು. ಆದರೆ ಹಡಗಿನ ಚೀಟಿಯಿಲ್ಲದೆ ಲಂಡನ್ನಿಲ್ಲ, ಲಂಡನ್ನಿಲ್ಲದೆ ಆ ತೀರ್ಮಾನವಿಲ್ಲ, ಆ ತೀರ್ಮಾನವಿಲ್ಲದೆ ‘ನಾನು’ ಎಂದು ನೇರವಾಗಿ ಬರೆಯುವ ಆತ್ಮಚರಿತ್ರೆಯಿಲ್ಲ. ಹಣ ಕೊಟ್ಟದ್ದಕ್ಕೂ ಮೊದಲ ಸಂಪುಟಕ್ಕೂ ನಡುವೆ ಇಪ್ಪತ್ತಾರು ವರ್ಷ. ಸಹಾಯಧನದ ಫಲಾಫಲಗಳನ್ನು ವರ್ಷಕ್ಕೊಮ್ಮೆ ಅಳೆಯುವ ಪದ್ಧತಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ವಿಭಾಗದಲ್ಲಿ ಪ್ರತಿ ಮಾರ್ಚಿಯಲ್ಲಿ ಪ್ರಗತಿಪತ್ರಗಳನ್ನು ತುಂಬುವ ಸಂಶೋಧಕರು ಈ ಮಾತನ್ನು ಸ್ವಾರ್ಥದಿಂದ ಉಪಯೋಗಿಸಿಕೊಂಡರೆ ಅದಕ್ಕೆ ನಾವು ಹೊಣೆಯಲ್ಲ.

ತಂದೆಯ ಮರಣಾನಂತರ ೧೯೬೩ ರಲ್ಲಿ ಫ್ರೇಮ್ ಸ್ವದೇಶಕ್ಕೆ ಬಂದಳು. ೧೯೬೫ ರಲ್ಲಿ ಒಟಾಗೊ ವಿಶ್ವವಿದ್ಯಾನಿಲಯದ ರಾಬರ್ಟ್ ಬರ್ನ್ಸ್ ವೃತ್ತಿವೇತನ ಆಕೆಗೆ ದೊರೆಯಿತು. ಲೇಖಕನಿಗೆ ಒಂದು ವರ್ಷ ಅಧ್ಯಾಪಕನ ಸಂಬಳಕ್ಕೆ ಸರಿದೂಗುವ ವೇತನವನ್ನೂ ವಿಶ್ವವಿದ್ಯಾನಿಲಯದಲ್ಲಿ ಒಂದು ಕೊಠಡಿಯನ್ನೂ ಕೊಟ್ಟು, ಪಾಠ ಹೇಳೆಂದು ಕೇಳದೆ ಬಿಡುವ ವ್ಯವಸ್ಥೆಯಿದು; ೧೯೫೮ ರಲ್ಲಿ ಹೆಸರು ಹೇಳಲಿಚ್ಛಿಸದ ದಾನಿಗಳಿಂದ ಸ್ಥಾಪಿತವಾದದ್ದು. ಅದರ ಹಿಂದಿನ ಪ್ರೇರಣೆ ‘ಲ್ಯಾಂಡ್‌ಫಾಲ್’ ಪತ್ರಿಕೆಯ ಸಂಪಾದಕ, ಕವಿ ಚಾರ್ಲ್ಸ್ ಬ್ರ್ಯಾಶ್ ಎಂದು ಬಹುಜನರ ನಂಬಿಕೆ. ಇದೇ ಬ್ರ್ಯಾಶ್ ಹಿಂದೆ ಆಕೆಯ ‘ಗಾರ್ಸ್ ಇಸ್ ನಾಟ್ ಪೀಪಲ್’ ಎಂಬ ಆಸ್ಪತ್ರೆಯ ಕತೆಯನ್ನು, ಮುದ್ರಿಸಲಾರದಷ್ಟು ಯಾತನಾಮಯವಾಗಿದೆಯೆಂದು ಹಿಂದಿರುಗಿಸಿ ಆಕೆಯನ್ನು ಕಂಗೆಡಿಸಿದ್ದನು. ಆ ಕತೆ ಪುಸ್ತಕರೂಪದಲ್ಲಿ ಬಂದದ್ದು ಲೇಖಕಿಯ ಮರಣಾನಂತರ, ೨೦೧೨ ರಲ್ಲಿ. ಸಂಪಾದಕನಾಗಿ ತಡೆದವನು ದಾನಿಯಾಗಿ ದಾರಿಮಾಡಿಕೊಟ್ಟನೆಂಬುದು ನಿಜವಾದರೆ, ಹೆಸರು ಹೇಳದ ದಾನವೇ ಆತನ ಹೆಚ್ಚಿನ ಸೇವೆಯೆಂದು ನಾವು ಭಾವಿಸುತ್ತೇವೆ. ಇಪ್ಪತ್ತು ವರ್ಷಗಳ ಹಿಂದೆ ಆತ್ಮವೃತ್ತಾಂತವನ್ನು ಬರೆಸಿ ಓದಿ ಹುಡುಗಿಯನ್ನು ಆಸ್ಪತ್ರೆಗೆ ಕಳುಹಿಸಿದ ವಿಶ್ವವಿದ್ಯಾನಿಲಯವೇ ಈಗ ಆಕೆಗೆ ಕೊಠಡಿಯ ಬೀಗದಕೈಯನ್ನು ಕೊಟ್ಟಿತು.

ಕೊನೆಯದಾಗಿ ಸಾಕ್ಷ್ಯದ ಪ್ರಶ್ನೆ. ಈ ಆತ್ಮಚರಿತ್ರೆಯನ್ನು ಆಶ್ರಯದ ಇತಿಹಾಸಕ್ಕೆ ಆಧಾರವಾಗಿ ಎಷ್ಟು ನಂಬಬಹುದು? ಸಂವಾದಗಳು ಮೂರು ದಶಕಗಳ ನೆನಪಿನಿಂದ ಬಂದವು. ಕೆಲವರ ಹೆಸರುಗಳು ಬದಲಾಗಿವೆ. ಆಸ್ಪತ್ರೆಯ ವರ್ಷಗಳನ್ನು ಅವು ಕಾದಂಬರಿಯಲ್ಲಿ ಬಂದಿವೆಯೆಂದು ಹೇಳಿ ಬಹುಬೇಗ ದಾಟಿಬಿಡಲಾಗಿದೆ. ಗ್ರಂಥದ ನಿಜವಾದ ಲೋಪ ಈ ದಾಟುವಿಕೆಯೇ. ವಾಚಕನನ್ನು ಕಲ್ಪಿತ ಕೃತಿಯೊಂದಕ್ಕೆ ಕಳುಹಿಸಿ, ಅದೇ ಕೃತಿಯನ್ನು ಜೀವನವೆಂದು ತಿಳಿಯಬೇಡಿರೆಂದು ಹೇಳುವುದು ಸರಿಯಾಗದು. ಆದರೆ ಸಣ್ಣ ವಿಷಯಗಳಲ್ಲಿ, ಭತ್ಯ, ಚಹ, ಗೆರೆ ಹಾಕಿದ ಪುಸ್ತಕ, ಮುಖ ತಿರುಗಿಸಿದ ಮನುಷ್ಯ, ಇವುಗಳಲ್ಲಿ, ಆಕೆ ನಿಖರವಾಗಿದ್ದಾಳೆಂದು ನಮಗೆ ತೋರುತ್ತದೆ. ಪಡೆದವರು ಇಂಥವನ್ನು ಮರೆಯುವುದಿಲ್ಲ. ಕೊಟ್ಟವನ ಕಡೆಯ ಲೆಕ್ಕವೂ ಉಂಟು: ಸಾರ್ಜಸನ್ ೧೯೭೩ ರಿಂದ ೧೯೭೭ ರ ನಡುವೆ ತನ್ನ ಆತ್ಮಕಥೆಯನ್ನು ಮೂರು ಪುಸ್ತಕಗಳಾಗಿ ಪ್ರಕಟಿಸಿದನು. ಎಸ್ಮಂಡ್ ರಸ್ತೆಯ ಆತನ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಆತನ ಹೆಸರಿನ ಲೇಖಕವೇತನ ೧೯೮೭ ರಲ್ಲಿ ಆರಂಭವಾಯಿತು. ಗುಡಿಸಿಲಿನ ಅಧ್ಯಾಯಗಳನ್ನೊಳಗೊಂಡ ಫ್ರೇಮ್‌ಳ ಸಂಪುಟ ಹೊರಬರುವ ವೇಳೆಗೆ ಆತ ತೀರಿಕೊಂಡು ಎರಡು ವರ್ಷಗಳಾಗಿದ್ದುವು.